ಕಡ್ಡಿಯ ಲೆಕ್ಕ, ಬೇರಿನ ಲೆಕ್ಕ

ನನ್ನ ಮೇಜಿನ ಖಾನೆಯಲ್ಲಿ ಹಳೆಯದೊಂದು ವಿಸಿಟಿಂಗ್ ಕಾರ್ಡು ಬಿದ್ದಿದೆ. ಒಂದು ಬದಿಯಲ್ಲಿ ಅರಳಿದ ಜರ್ಬೆರಾ, ಅದರ ಕೆಳಗೆ ‘ಕಟ್ ಫ್ಲವರ್ ಬೆಳೆಗಾರರು’ ಎಂಬ ಸಾಲು. ತಿರುಗಿಸಿದರೆ ಹುಲ್ಲುಹಾಸು, ಕಲ್ಲುಬೆಂಚು, ‘ಗಾರ್ಡನ್ ಡಿಸೈನ್ ಮತ್ತು ನಿರ್ವಹಣೆ’. ಎರಡೂ ಬದಿಗೆ ಒಂದೇ ಮೊಬೈಲ್ ನಂಬರು. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ಆನೇಕಲ್ ಎಂದು ಬೆಂಗಳೂರಿನ ಸುತ್ತ ಒಂದು ಸುತ್ತು ಹಾಕಿ ಬಂದರೆ ಇಂಥ ಎರಡು ಮುಖದ ಕಾರ್ಡು ಇಟ್ಟುಕೊಂಡವರು ಅಲ್ಲಲ್ಲಿ ಸಿಗುತ್ತಾರೆ. ನಾನೂ ಅವರಲ್ಲೊಬ್ಬನಾಗಿದ್ದೆ. ಜಮೀನು ಭಾವಮೈದುನನದು, ಲೆಕ್ಕಪತ್ರ ಮತ್ತು ಗಿರಾಕಿಗಳ ಜೊತೆ ಮಾತು ನನ್ನದು. ಒಂಬತ್ತು ವರ್ಷ ನಡೆಸಿದೆವು. ಆದ್ದರಿಂದ ಮುಂದೆ ಬರುವ ಬೈಗುಳದಲ್ಲಿ ಅರ್ಧ ನನ್ನ ಪಾಲಿನದು.

ಕಾರ್ಡಿನ ಒಂದು ಬದಿ ಪ್ರಾಮಾಣಿಕವಾದದ್ದು. ಇನ್ನೊಂದು ಬದಿ ಹಾಗಲ್ಲ. ಮೊದಲನೆಯದರಲ್ಲಿ ಕಲಿತ ಬುದ್ಧಿಯನ್ನು ನಾವು ಎರಡನೆಯದಕ್ಕೆ ದಾಟಿಸಲಿಲ್ಲ, ದಾಟಿಸಿದ್ದು ಅದರ ಚಟವನ್ನು ಮಾತ್ರ. ನನ್ನ ತಕರಾರು ಇಷ್ಟೇ. ಇದಕ್ಕೆ ಪುರಾವೆ ಕೊಡಲು ಸ್ವಲ್ಪ ಹೊಲಕ್ಕೆ ಇಳಿಯಬೇಕು.

ಎರಡನೆಯ ಬದಿ ಹುಟ್ಟಿದ್ದು ಕಲೆಯ ಹುಚ್ಚಿನಿಂದಲ್ಲ, ಖರ್ಚಿನ ಒತ್ತಡದಿಂದ. ನಾವು ಶುರು ಮಾಡಿದಾಗ ಪಾಲಿಹೌಸ್ ಕಟ್ಟಲು ಶೇ. 50ರ ಸಹಾಯಧನ ಸಿಗುತ್ತಿತ್ತು, ಒಬ್ಬರಿಗೆ 4000 ಚದರ ಮೀಟರಿನ ಮಿತಿ. ಅಂದರೆ ಹೆಚ್ಚುಕಡಿಮೆ ಒಂದು ಎಕರೆ. ಚದರ ಮೀಟರಿಗೆ ಆರೇಳು ಗುಲಾಬಿ ಗಿಡ ಹಿಡಿದರೂ ಇಪ್ಪತ್ತೈದು ಸಾವಿರ ದಾಟುತ್ತದೆ. ಇಷ್ಟು ಗಿಡ ದಿನವೂ ಹೂ ಕೊಡುತ್ತದೆ, ಬೆಲೆ ಇದ್ದರೂ ಇಲ್ಲದಿದ್ದರೂ. ಕೊಯ್ಯದೆ ಬಿಟ್ಟರೆ ಗಿಡಕ್ಕೇ ಕೇಡು. ಫೆಬ್ರವರಿಯಲ್ಲಿ ಕಡ್ಡಿಗೆ ಚಿನ್ನದ ಬೆಲೆ. ಆಷಾಢ ಬಂತೆಂದರೆ ಮದುವೆಯಿಲ್ಲ, ಧನುರ್ಮಾಸದಲ್ಲಿ ಮದುವೆಯಿಲ್ಲ, ಪಿತೃಪಕ್ಷದಲ್ಲಿ ಕೇಳುವವರೇ ಇಲ್ಲ. ಈ ನಡುವೆ ಮೂರು ನಾಲ್ಕು ವರ್ಷಕ್ಕೊಮ್ಮೆ ಮೇಲಿನ 200 ಮೈಕ್ರಾನ್ ಹಾಳೆ ಹಳದಿಯಾಗಿ ಬಿಸಿಲು ಮಂಕಾಗುತ್ತದೆ, ಬದಲಿಸಬೇಕು. ಆ ಗಂಟು ಹೂವಿನ ಚಿಲ್ಲರೆ ದುಡ್ಡಿನಲ್ಲಿ ಕೂಡುವುದಿಲ್ಲ. ಒಂದು ವಿಲ್ಲಾದ ಗಾರ್ಡನ್ ಕೆಲಸ ಸಿಕ್ಕಿದರೆ ಕೂಡುತ್ತದೆ. ಹೂವು ಮನೆ ಖರ್ಚಿಗೆ, ಗಾರ್ಡನ್ ಹಾಳೆ ಖರ್ಚಿಗೆ ಎಂದು ನನ್ನ ಭಾವಮೈದುನ ಹೇಳುತ್ತಿದ್ದ.

ತೆರಿಗೆಯವರ ಕಣ್ಣಿಗೂ ಇವು ಎರಡು ಬೇರೆ ಬೇರೆ ದಂಧೆ. ತಾಜಾ ಹೂವಿಗೆ ಜಿಎಸ್‌ಟಿ ಇಲ್ಲ, ಕುಂಡದಲ್ಲಿ ಮಾರಿದ ಗಿಡಕ್ಕೂ ಇಲ್ಲ. ಅದೇ ಗಿಡವನ್ನು ಗುತ್ತಿಗೆ ಹಿಡಿದು ಗುಂಡಿ ತೆಗೆದು ನೆಟ್ಟುಕೊಟ್ಟರೆ ಶೇ. 18. ಗಿಡ ಬೆಳೆಯುವುದು ಬೇಸಾಯ, ನೆಡುವುದು ಸೇವೆ. ಯೋಚಿಸಿದರೆ ಈ ವಿಂಗಡಣೆ ನಾವು ಮಾಡಿದ ತಪ್ಪಿನ ಸರಿಯಾದ ಚಿತ್ರವೇ ಆಗಿತ್ತು.

ಮೊದಲು ಹೊಗಳಿಕೆ. ನನ್ನ ಪ್ರಕಾರ ಈ ವ್ಯಾಪಾರದಲ್ಲಿ ಕಲೆ ಎನ್ನುವುದೇನಾದರೂ ಇದ್ದರೆ ಅದು ಇರುವುದು ಗ್ರೇಡಿಂಗ್ ಮೇಜಿನ ಮೇಲೆ. ಬೆಳಗಿನ ಜಾವ ಕೊಯ್ದ ಗುಲಾಬಿ ಬಕೆಟ್ಟಿನ ನೀರಿನಲ್ಲಿ ನಿಂತು ಶೆಡ್ಡಿಗೆ ಬರುತ್ತದೆ. ಮೇಜಿನ ಮೇಲೆ 40, 50, 60, 70 ಸೆಂಟಿಮೀಟರಿಗೆ ಗೆರೆ ಹಾಕಿದ ಹಲಗೆ. ಅಲ್ಲಿ ಕೂರುತ್ತಿದ್ದ ಅಕ್ಕ ಒಬ್ಬರು ಕಡ್ಡಿಯನ್ನು ಹಲಗೆಗೆ ಆನಿಸುವಷ್ಟರಲ್ಲಿ ನಾಲ್ಕು ಸಂಗತಿ ನೋಡಿ ಮುಗಿಸುತ್ತಿದ್ದರು: ಉದ್ದ, ಮೊಗ್ಗಿನ ದಪ್ಪ, ಕುತ್ತಿಗೆ ನೆಟ್ಟಗಿದೆಯೋ ಇಲ್ಲವೋ, ಎಲೆಯ ಮೇಲೆ ಬೂದಿ ರೋಗದ ಚುಕ್ಕೆ. ಹತ್ತು ಕಡ್ಡಿ ಮೇಲೆ, ಹತ್ತು ಕೆಳಗೆ, ನಡುವೆ ಏರುತಗ್ಗಿನ ರಟ್ಟು, ಇಪ್ಪತ್ತಕ್ಕೊಂದು ಬಂಚ್. ಒಮ್ಮೆ ಹೊಸದಾಗಿ ಸೇರಿದ ಹುಡುಗ ಕುತ್ತಿಗೆ ಬಗ್ಗಿದ ಒಂದನ್ನು ಬಂಚಿನ ನಡುವೆ ತೂರಿಸಿದ. ಅಕ್ಕ ತಲೆ ಎತ್ತದೆ ಅದನ್ನು ಎಳೆದು ಹೊರಗಿಟ್ಟು, “ನಡುವೆ ಇಟ್ರೆ ಕಾಣಲ್ಲ ಅಂದ್ಕೊಂಡ್ಯೇನೋ? ಹರಾಜಲ್ಲಿ ಅವ್ರು ಮೊದ್ಲು ನೋಡೋದೇ ನಡುವೆ” ಎಂದರು. ಹುಡುಗ ನಕ್ಕ. ನಾನು ನಗಲಿಲ್ಲ, ಯಾಕೆಂದರೆ ತೂರಿಸು ಎಂದು ಹೇಳಿದ್ದು ನಾನೇ.

ಜರ್ಬೆರಾದ್ದು ಇನ್ನೂ ಸೂಕ್ಷ್ಮ. ಹೆಸರಿಗೆ ಕಟ್ ಫ್ಲವರ್, ಆದರೆ ಅದಕ್ಕೆ ಕತ್ತರಿ ತಾಕಿಸುವುದಿಲ್ಲ. ತೊಟ್ಟನ್ನು ಬುಡದ ಹತ್ತಿರ ಹಿಡಿದು ಪಕ್ಕಕ್ಕೆ ಬಾಗಿಸಿ ಎಳೆದರೆ ಬುಡಸಹಿತ ಬಿಟ್ಟುಕೊಂಡು ಬರುತ್ತದೆ. ಕತ್ತರಿಸಿದರೆ ಗಿಡದಲ್ಲಿ ಉಳಿದ ತುಂಡು ಕೊಳೆತು ಬುಡಕ್ಕೆ ಇಳಿಯುತ್ತದೆ. ಯಾವಾಗ ಎಳೆಯಬೇಕು? ಹೂವಿನ ನಡುವಿನ ಕಣ್ಣಿನಲ್ಲಿ ಹೊರಗಿನ ಎರಡು ಸುತ್ತು ಬಿಚ್ಚಿಕೊಂಡಾಗ. ಅದಕ್ಕೆ ಮೊದಲೇ ಎಳೆದರೆ ಹೂದಾನಿಯಲ್ಲಿ ಸಂಜೆಯೊಳಗೆ ತಲೆ ಬಾಗಿಸುತ್ತದೆ. ಎಳೆದ ಮೇಲೆ ತೊಟ್ಟಿನ ಗಟ್ಟಿ ಹಿಮ್ಮಡಿಯನ್ನು ಎರಡು ಮೂರು ಸೆಂಟಿಮೀಟರ್ ಕತ್ತರಿಸಿ ನೀರಿಗೆ ಇಡಬೇಕು, ಇಲ್ಲದಿದ್ದರೆ ಅದು ನೀರು ಕುಡಿಯುವುದಿಲ್ಲ. ಇಷ್ಟನ್ನು ಪುಸ್ತಕ ಓದಿ ಕಲಿತವರನ್ನು ನಾನು ನೋಡಿಲ್ಲ. ಬೆರಳು ಕಲಿಯುತ್ತದೆ.

ಇನ್ನು ಹರಾಜು. ಹೆಬ್ಬಾಳದ ಪುಷ್ಪ ಹರಾಜು ಕೇಂದ್ರದಲ್ಲಿ ಬೆಲೆ ಮೇಲಿಂದ ಕೆಳಗೆ ಇಳಿಯುತ್ತದೆ. ನಮ್ಮ ಮಂಡಿಗಳಲ್ಲಿ ಕೂಗು ಏರುವುದನ್ನು ಕೇಳಿ ಬೆಳೆದವನಿಗೆ ಇದು ಮೊದಮೊದಲು ತಲೆಕೆಳಗಾದ ಆಟದಂತೆ ಕಂಡಿತು. ಪದ್ಧತಿ ಹಾಲೆಂಡಿನದು. ಅದು ಅಲ್ಲಿ ಶುರುವಾದದ್ದು ಹೂವಿಗಲ್ಲ, 1887ರಲ್ಲಿ ಬ್ರೂಕ್ ಒಪ್ ಲಾಂಗೆಡೈಕ್ ಎಂಬ ಊರಿನಲ್ಲಿ ಹೂಕೋಸಿಗೆ! ಇಳಿಯುವ ಗಡಿಯಾರದ ಮುಂದೆ ಕೂತ ವ್ಯಾಪಾರಿ ಬೇಗ ಗುಂಡಿ ಒತ್ತಿದರೆ ಜಾಸ್ತಿ ತೆರುತ್ತಾನೆ, ತಡ ಮಾಡಿದರೆ ಪಕ್ಕದವನ ಪಾಲು. ಬೆಳೆಗಾರನಿಗೆ ಅಲ್ಲಿ ಮಾತಾಡುವ ಹಕ್ಕೇ ಇಲ್ಲ. ಅವನ ಪರವಾಗಿ ಮಾತಾಡುವುದು ಬಂಚು ಒಂದೇ. ಕೆ.ಆರ್. ಮಾರ್ಕೆಟ್ಟಿನಲ್ಲಿ ನಮ್ಮ ಹೂವು ‘ಅಣ್ಣಾ, ಇವತ್ತು ಮಾಲು ಜಾಸ್ತಿ ಬಂದ್ಬಿಟ್ಟೈತೆ’ ಎಂಬ ಒಂದು ಮಾತಿಗೆ ಅರ್ಧ ಬೆಲೆ ಕಳೆದುಕೊಳ್ಳುತ್ತಿತ್ತು. ಕಮಿಷನ್ ಕಳೆದು ಬಂದ ಪಟ್ಟಿ ಚೀಟಿಯನ್ನು ನೋಡಿ ನಂಬಬೇಕು, ಅಷ್ಟೆ. ಗಡಿಯಾರ ಕ್ರೂರಿಯಾದರೂ ಕ್ರೌರ್ಯ ಕಣ್ಣೆದುರಿಗೇ ನಡೆಯುತ್ತದೆ. ಎರಡರಲ್ಲಿ ನನಗೆ ಹಿಡಿಸಿದ್ದು ಗಡಿಯಾರ.

ಪ್ರೇಮಿಗಳ ದಿನದ ಲೆಕ್ಕವೂ ಹೀಗೇ ಬಿಗಿಯಾದದ್ದು. ರಫ್ತಿನ ಹೂವು ಜನವರಿ ಕೊನೆಯಿಂದ ಫೆಬ್ರವರಿ ಮೊದಲ ವಾರದೊಳಗೆ ವಿಮಾನ ಹತ್ತಬೇಕು. ಗಿಡ ಕತ್ತರಿಸಿದ ಮೇಲೆ ಹೂವಿಗೆ ನಲವತ್ತೈದು ಐವತ್ತು ದಿನ. ಆದ್ದರಿಂದ ಡಿಸೆಂಬರ್ ನಡುವಿನಲ್ಲಿ, ಬೆಲೆ ಇರುವ ಹೂವನ್ನೂ ಲೆಕ್ಕಿಸದೆ ಇಡೀ ಎಕರೆಯ ತಲೆ ತರಿಯಬೇಕು. ಮೋಡ ಕವಿದು ಚಳಿ ಜೋರಾದರೆ ನಾಲ್ಕು ದಿನ ಹಿಂದೆ ಬೀಳುತ್ತದೆ. ಹದಿನೈದನೇ ತಾರೀಖು ಅರಳಿದ ಗುಲಾಬಿಗೆ ಹದಿನಾಲ್ಕರ ಬೆಲೆಯನ್ನು ಯಾರು ಕೊಡುತ್ತಾರೆ?

ನೀರಿನ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ, ಯಾಕೆಂದರೆ ನನ್ನ ತಕರಾರಿನ ಬೇರು ಅಲ್ಲಿದೆ. ನಮ್ಮ ಕಡೆಯ ಬೋರ್‌ವೆಲ್ ನೀರು ಗಡುಸು, ಗುಲಾಬಿಗೆ ಒಗ್ಗದು. ಪಾಲಿಹೌಸ್ ಮಾಡಿನ ಸಂದುಗಳಲ್ಲಿ ದೋಣಿ ಕೂರಿಸಿ ಮಳೆನೀರನ್ನೆಲ್ಲ ಹೊಂಡಕ್ಕೆ ಇಳಿಸಿದ್ದೆವು. 4000 ಚದರ ಮೀಟರ್ ಮಾಡಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ 4000 ಲೀಟರ್. ಒಂದು ಹದವಾದ ಸಂಜೆಮಳೆ 20 ಮಿಲಿಮೀಟರ್ ಸುರಿದರೆ 80 ಸಾವಿರ. ಭಾವಮೈದುನ ಮಳೆಯಲ್ಲಿ ಕೊಡೆ ಹಿಡಿದು ಹೊಂಡದ ದಡದಲ್ಲಿ ನಿಂತು ಅಳತೆ ಕೋಲು ನೋಡುತ್ತಿದ್ದ. ಪೈಪಿನ ಒಂದು ಕೀಲು ಸೋರಿದರೆ ಅವನಿಗೆ ನಿದ್ದೆ ಬರುತ್ತಿರಲಿಲ್ಲ. ಮಣ್ಣಿನ ಹದ, ನೀರಿನ ಉಪ್ಪು, ಬೇರಿನ ಬಣ್ಣ, ಎಲ್ಲ ಅವನಿಗೆ ಗೊತ್ತಿತ್ತು.

ಹೂವಿನ ಬದಿಯಲ್ಲಿ ಕೊರತೆ ಇಲ್ಲವೇ? ಇದೆ. ಹೂದಾನಿಯಲ್ಲಿ ಹೆಚ್ಚು ದಿನ ನಿಲ್ಲಬೇಕು, ಪೆಟ್ಟಿಗೆಯಲ್ಲಿ ನಲುಗಬಾರದು ಎಂದು ಆರಿಸಿ ಆರಿಸಿ ಬೆಳೆಸಿದ ಗುಲಾಬಿಯಲ್ಲಿ ವಾಸನೆ ಹೆಸರಿಗಷ್ಟೇ ಉಳಿದಿದೆ. ನಾವು ಬೆಳೆಯುತ್ತಿದ್ದ ತಾಜ್ ಮಹಲ್ ಎಂಬ ಕೆಂಪು ಗುಲಾಬಿಯನ್ನು ನಮ್ಮ ಮನೆಯ ಅಜ್ಜಿ ಒಮ್ಮೆ ಮೂಗಿಗೆ ಹಿಡಿದು ನೋಡಿ, ದೇವರಿಗೆ ಏರಿಸದೆ ಪಕ್ಕಕ್ಕಿಟ್ಟರು. ಮುಚ್ಚಿದ ಪಾಲಿಹೌಸಿನೊಳಗೆ ಹೊಡೆಯುವ ಔಷಧಿ ಯಾರ ಶ್ವಾಸಕ್ಕೆ ಹೋಗುತ್ತದೆಂಬ ಪ್ರಶ್ನೆಯನ್ನು ನಾವು ಯಾರೂ ಗಟ್ಟಿಯಾಗಿ ಕೇಳಲಿಲ್ಲ. ಆ ಗ್ರೇಡಿಂಗ್ ಮೇಜಿನ ಅಕ್ಕನ ಕೂಲಿ ಗೊಬ್ಬರ ಹೊರುವ ಗಂಡಾಳಿನ ಕೂಲಿಗಿಂತ ಕಡಿಮೆ ಇತ್ತು; ಲೆಕ್ಕಪತ್ರ ಬರೆದವನು ನಾನು, ಆ ಅಂಕಿಯನ್ನು ಬರೆದದ್ದೂ ನಾನು. 2020ರ ಮಾರ್ಚಿನಲ್ಲಿ ಎಲ್ಲ ಮುಚ್ಚಿದಾಗ ಬಂಚು ಬಂಚು ಹೂವನ್ನು ತಿಪ್ಪೆಗೆ ಸುರಿದೆವು. ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಹೂ ಬೆಳೆಗಾರರಿಗೆ ಹೆಕ್ಟೇರಿಗೆ 25,000 ರೂಪಾಯಿ ಘೋಷಿಸಿತು. ಬಯಲಿನ ಚೆಂಡುಹೂವಿಗೆ ಅದು ಒಂದಿಷ್ಟು ಆಸರೆ. ಪಾಲಿಹೌಸಿಗೆ ಔಷಧಿ ಅಂಗಡಿಯ ಒಂದು ಬಾಕಿ.

ಆದರೂ ಈ ಬದಿಯಲ್ಲಿ ಸುಳ್ಳು ಬಾಳುವುದಿಲ್ಲ. ಕಡ್ಡಿ ಇವತ್ತು ನೆಟ್ಟಗಿದ್ದರೆ ಇವತ್ತು ದುಡ್ಡು. ನಾಳೆ ಅದು ಬಾಡುತ್ತದೆಂದು ಕೊಳ್ಳುವವನಿಗೂ ಗೊತ್ತು, ಮಾರುವವನಿಗೂ ಗೊತ್ತು. ಬಾಡುವ ವಸ್ತುವನ್ನು ಬಾಡುವ ವಸ್ತುವೆಂದೇ ಮಾರುತ್ತೇವೆ.

ಕಾರ್ಡನ್ನು ಈಗ ತಿರುಗಿಸೋಣ.

ಗಾರ್ಡನ್ ಕೆಲಸ ಬರುವುದು ಸಾಮಾನ್ಯವಾಗಿ ಗೃಹಪ್ರವೇಶಕ್ಕೆ ಇಪ್ಪತ್ತು ದಿನ ಇದ್ದಾಗ. ಟೈಲ್ಸು ಮುಗಿದು, ಬಣ್ಣ ಮುಗಿದು, ಕೈಯಲ್ಲಿದ್ದ ದುಡ್ಡೂ ಹೆಚ್ಚುಕಡಿಮೆ ಮುಗಿದ ಮೇಲೆ, “ಸಾರ್, ಗಾರ್ಡನ್ ಒಂದು ಬಾಕಿ ಇದೆ, ಹದಿನೆಂಟಕ್ಕೆ ಪೂಜೆ” ಎಂಬ ಫೋನು. ನಾವು ಕಂಪ್ಯೂಟರಿನಲ್ಲಿ ಮಾಡಿಸಿದ ತ್ರೀಡಿ ಚಿತ್ರ ಹಿಡಿದು ಹೋಗುತ್ತಿದ್ದೆವು. ಮೋಸ ಅಲ್ಲಿಂದಲೇ ಶುರು. ಚಿತ್ರದ ಗಿಡಕ್ಕೆ ಹತ್ತು ವರ್ಷ, ಲಾರಿಯಲ್ಲಿ ಬರುವ ಗಿಡಕ್ಕೆ ಹತ್ತು ತಿಂಗಳು. ಈ ಅಂತರವನ್ನು ತುಂಬಲು ಒಂದು ಗಿಡದ ಜಾಗದಲ್ಲಿ ಮೂರು ಗಿಡ ನೆಡುತ್ತೇವೆ. ಹಸ್ತಾಂತರದ ದಿನ ತುಂಬಿ ತುಳುಕುತ್ತದೆ. ಎರಡನೆಯ ಮಳೆಗಾಲಕ್ಕೆ ಒಂದನ್ನೊಂದು ಒತ್ತಿ, ಒಳಗಿನ ಎಲೆ ಉದುರಿ, ಕಡ್ಡಿ ಕಡ್ಡಿಯಾಗುತ್ತದೆ. ಚದರಡಿ ಲೆಕ್ಕದಲ್ಲಿ ಬಿಲ್ಲು ಮಾಡಿದವನಿಗೆ ಅಷ್ಟರಲ್ಲಿ ಹಣ ಸಂದಿರುತ್ತದೆ.

ಗಿಡಗಳ ಪಟ್ಟಿಯನ್ನು ನಾನು ನಿದ್ದೆಗಣ್ಣಲ್ಲೂ ಒಪ್ಪಿಸಬಲ್ಲೆ. ಮೆಕ್ಸಿಕನ್ ಹುಲ್ಲು, ಡುರಾಂತಾದ ಹಳದಿ ಅಂಚು, ಮೂಲೆಗೆ ಫಾಕ್ಸ್‌ಟೇಲ್ ಪಾಮ್, ಗೋಡೆಗೆ ಅರೆಕಾ, ಬುದ್ಧನ ತಲೆಯ ಹಿಂದೆ ಹೆಲಿಕೋನಿಯಾ, ದಾರಿಯ ಪಕ್ಕ ದುಂಡಗೆ ಕತ್ತರಿಸಿದ ಫೈಕಸ್, ನಡುವೆ ಎಲೆಯಿಲ್ಲದೆ ಒಣ ಕೊಂಬಿನಂತೆ ನಿಂತ ದೊಡ್ಡ ದೇವಕಣಗಿಲೆ. ಗೋದಾವರಿ ಸೀಮೆಯ ಕಡಿಯಂನ ನರ್ಸರಿಗಳಿಂದ ರಾತ್ರಿ ಲಾರಿ ಹೊರಟರೆ ಮಾರನೆಯ ದಿನ ಬೆಂಗಳೂರು. ಅಲ್ಲಿಯ ನೆಲದಲ್ಲಿ, ಅಲ್ಲಿಯ ಸೆಕೆಯಲ್ಲಿ ಕೊಬ್ಬಿದ ಗಿಡ ಇಲ್ಲಿಯ ಕೆಂಪು ಮಣ್ಣಿಗೆ ಬಂದು ಮೂರು ತಿಂಗಳು ಮುನಿಸಿಕೊಳ್ಳುತ್ತದೆ. ಸರ್ಜಾಪುರದಲ್ಲೂ ಅದೇ ಗಾರ್ಡನ್, ಯಲಹಂಕದಲ್ಲೂ ಅದೇ ಗಾರ್ಡನ್. ಫೋಟೋ ತೆಗೆದು ಅದಲು ಬದಲು ಮಾಡಿದರೆ ಮಾಲೀಕರಿಗೂ ಗುರುತು ಹತ್ತಲಿಕ್ಕಿಲ್ಲ.

ಮತ್ತೆ, ಕೆಳಗೆ ಏನಿದೆ? ಹೊಲದಲ್ಲಿ ಬೇರಿನ ಬಣ್ಣ ನೋಡುತ್ತಿದ್ದ ನಾವು ಇಲ್ಲಿ ಗುದ್ದಲಿ ಹಾಕಿದರೆ ಸಿಗುತ್ತಿದ್ದದ್ದು ಇಟ್ಟಿಗೆ ಚೂರು, ಗಟ್ಟಿಯಾದ ಸಿಮೆಂಟ್ ಉಂಡೆ, ಬಣ್ಣದ ಡಬ್ಬಿ. ಅದನ್ನು ತೆಗೆಸಲು ಎರಡು ಟ್ರ್ಯಾಕ್ಟರ್, ನಾಲ್ಕು ಆಳು, ಮೂರು ದಿನ. ಇಪ್ಪತ್ತು ದಿನದ ಕೆಲಸದಲ್ಲಿ ಅದಕ್ಕೆ ಜಾಗವಿಲ್ಲ. ಮೇಲೆ ಆರಿಂಚು ಕೆಂಪು ಮಣ್ಣು ಹರಡಿ, ಗೊಬ್ಬರ ಚೆಲ್ಲಿ, ಹುಲ್ಲಿನ ಹಾಸು ಬಿಡಿಸಿದರೆ ಸಂಜೆಗೆ ಮಖಮಲ್ಲು. ಮನೆಯ ತಾರಸಿಯ ಮಳೆನೀರು ಪೈಪಿನಲ್ಲಿ ಇಳಿದು ಚರಂಡಿಗೆ ಹೋಗುತ್ತಿತ್ತು, ಹುಲ್ಲಿಗೆ ಟ್ಯಾಂಕರ್ ನೀರು ಬರುತ್ತಿತ್ತು. ಹೊಂಡದ ದಡದಲ್ಲಿ ಕೊಡೆ ಹಿಡಿದು ನಿಲ್ಲುತ್ತಿದ್ದ ಮನುಷ್ಯನೇ ಇಲ್ಲಿ ನಿಂತು ಟ್ಯಾಂಕರಿನ ಪೈಪು ಹಿಡಿಯುತ್ತಿದ್ದ. ನಾನು ಕೇಳಿದ್ದಕ್ಕೆ, “ಭಾವ, ಅದು ನಮ್ಮ ಗಿಡ. ಇದು ಅವರ ಗಿಡ” ಎಂದ. ಒಂಬತ್ತು ವರ್ಷದಲ್ಲಿ ನಮ್ಮ ವ್ಯಾಪಾರದ ಬಗ್ಗೆ ಯಾರೂ ಇಷ್ಟು ಖಚಿತವಾದ ವಿಮರ್ಶೆ ಮಾಡಿದ್ದನ್ನು ನಾನು ಕೇಳಿಲ್ಲ.

2024ರ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ನೀರಿಗೆ ಹಾಹಾಕಾರವಾಗಿ, ಕುಡಿಯುವ ನೀರನ್ನು ಗಾರ್ಡನ್ನಿಗೆ ಬಿಟ್ಟರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತು. ಅಷ್ಟರಲ್ಲಿ ನಾವು ಅಂಗಡಿ ಮುಚ್ಚಿದ್ದೆವು. ಹಳೆಯ ಕೆಲಸಗಳನ್ನು ನೋಡಿ ಬರೋಣವೆಂದು ಆ ಏಪ್ರಿಲ್‌ನಲ್ಲಿ ಒಂದು ಭಾನುವಾರ ಸುತ್ತಿ ಬಂದೆ. ಏಳು ಮನೆಗಳಲ್ಲಿ ಐದು ಕಡೆ ಹುಲ್ಲು ಚಾಪೆಯ ಬಣ್ಣಕ್ಕೆ ತಿರುಗಿತ್ತು. ಒಂದು ಕಡೆ ಅದನ್ನು ಕಿತ್ತು ಪ್ಲಾಸ್ಟಿಕ್ ಹುಲ್ಲು ಹಾಸಿದ್ದರು. ನನ್ನ ಕೆಲಸಕ್ಕೆ ಅದಕ್ಕಿಂತ ನೇರವಾದ ತೀರ್ಪು ಬೇಕಿಲ್ಲ.

ನನ್ನದೇ ಒಂದು ತಪ್ಪನ್ನು ಇಲ್ಲಿ ಬರೆಯಬೇಕು. ಅಪಾರ್ಟ್‌ಮೆಂಟ್ ಒಂದರ ಅಂಗಳದಲ್ಲಿ ದೊಡ್ಡ ಮಳೆಮರ ಇತ್ತು. ಅದರಡಿ ಹುಲ್ಲು ಬೇಕೆಂದು ಸಂಘದವರ ಹಟ. ಮೆಕ್ಸಿಕನ್ ಹುಲ್ಲಿಗೆ ನೆರಳು ಆಗದೆಂದು ಭಾವಮೈದುನ ಹೇಳಿದ. ನಾನು ಅವನನ್ನು ಸುಮ್ಮನಾಗಿಸಿ ಒಪ್ಪಿಕೊಂಡೆ, ಯಾಕೆಂದರೆ ಹುಲ್ಲಿನ ಚದರಡಿಯಲ್ಲಿ ಲಾಭವಿತ್ತು. ನಾಲ್ಕು ತಿಂಗಳಿಗೆ ಬೋಳು. ಎರಡು ಸಲ ನಮ್ಮ ಖರ್ಚಿನಲ್ಲಿ ಮತ್ತೆ ಹಾಸಿದೆವು, ಮೂರನೆಯ ಸಲ ಅವರು ಹಿಡಿದಿಟ್ಟಿದ್ದ ಬಾಕಿ ಹಣವನ್ನು ಕೊಡಲೇ ಇಲ್ಲ. ಆ ವರ್ಷದ ಪಾಲಿಹೌಸ್ ಹಾಳೆ ಮುಂದಿನ ವರ್ಷಕ್ಕೆ ಹೋಯಿತು. ಕಡ್ಡಿಯ ಉದ್ದ ಹತ್ತು ಸೆಂಟಿಮೀಟರ್ ಇಳಿಯಿತು. ಮಳೆಮರದಡಿ ಮಾಡಿದ ಸುಳ್ಳಿಗೆ ಗುಲಾಬಿ ದಂಡ ತೆತ್ತಿತು.

ಹೀಗೇಕೆ ಆಯಿತು ಎಂದು ಆಮೇಲೆ ಬಹಳ ಯೋಚಿಸಿದ್ದೇನೆ. ಕಟ್ ಫ್ಲವರಿನವನು ಇಡೀ ಜೀವಮಾನ ಒಂದು ದಿನಕ್ಕಾಗಿ ಕೆಲಸ ಮಾಡುತ್ತಾನೆ. ಹರಾಜಿನ ದಿನ, ಮದುವೆಯ ದಿನ, ಹದಿನಾಲ್ಕನೇ ತಾರೀಖು. ಆ ದಿನ ಚೆನ್ನಾಗಿ ಕಂಡರೆ ಗೆದ್ದ. ಗಾರ್ಡನ್ನಿಗೆ ಅಂಥ ದಿನವೇ ಇಲ್ಲ. ನಾವು ಅದಕ್ಕೂ ಒಂದು ದಿನ ಕಟ್ಟಿ, ಹಸ್ತಾಂತರ ಎಂದು ಹೆಸರಿಟ್ಟು, ಗಾರ್ಡನ್ನನ್ನು ಬೊಕೆಯಂತೆ ಕಟ್ಟಿಕೊಟ್ಟೆವು. ಬೊಕೆಗೆ ಬೇರು ಬೇಡ. ಹೂವಿನ ಹೊಲದಿಂದ ದಾಟಿಸಬೇಕಾದದ್ದು ಬೇರಿನ ಲೆಕ್ಕ, ದಾಟಿದ್ದು ಕಡ್ಡಿಯ ಲೆಕ್ಕ.

ಈ ರುಚಿಗೆ ನಮ್ಮ ಊರಿನ ಒಂದು ದೊಡ್ಡ ಸಂಪ್ರದಾಯವೂ ನೀರೆರೆದಿದೆ ಎಂದರೆ ಕೆಲವರಿಗೆ ಸಿಟ್ಟು ಬರಬಹುದು. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನ ವರ್ಷಕ್ಕೆರಡು ಬಾರಿ, ಗಣರಾಜ್ಯೋತ್ಸವಕ್ಕೆ ಮತ್ತು ಸ್ವಾತಂತ್ರ್ಯೋತ್ಸವಕ್ಕೆ. 1889ರಲ್ಲಿ ಅಡಿಗಲ್ಲು ಹಾಕಿದ ಗಾಜಿನ ಮನೆಯೊಳಗೆ ಕತ್ತರಿಸಿದ ಹೂವುಗಳನ್ನು ಚುಚ್ಚಿ ಚುಚ್ಚಿ ಕಟ್ಟಡ, ಗೋಪುರ, ಪ್ರತಿಮೆಗಳನ್ನು ನಿಲ್ಲಿಸುತ್ತಾರೆ. ಸಾಲು ನಿಂತು ನೋಡಿದವರಲ್ಲಿ ನಾನೂ ಒಬ್ಬ, ಕೈಚಳಕ ಅಲ್ಲಗಳೆಯುವಂಥದ್ದಲ್ಲ. ಆದರೆ ಸಸ್ಯತೋಟವೊಂದರ ನಡುಮನೆಯಲ್ಲಿ ಲಕ್ಷಾಂತರ ಜನ ನೋಡಿ ಹೋಗುವುದು ಬೇರಿಲ್ಲದ ಹೂವನ್ನು. ಹೊರಗೆ ಬರುವಾಗ ತಲೆಯ ಮೇಲೆ ಶತಮಾನ ಕಂಡ ಮರಗಳಿರುತ್ತವೆ, ಜನ ಮೆಕ್ಕೆಜೋಳದ ಗಾಡಿ ಹುಡುಕುತ್ತಿರುತ್ತಾರೆ.

ಅದೇ ಲಾಲ್‌ಬಾಗಿನಲ್ಲಿ ಕುಳಿತು ಕೆಲಸ ಮಾಡಿದ ಜರ್ಮನಿಯ ಗುಸ್ತಾವ್ ಹರ್ಮನ್ ಕ್ರುಂಬಿಗಲ್ ಬೇರಿನ ಲೆಕ್ಕ ಬಲ್ಲವರಾಗಿದ್ದರು. ಇಂಗ್ಲೆಂಡಿನ ಕ್ಯೂ ಸಸ್ಯತೋಟದಲ್ಲಿ ದುಡಿದು, ಬರೋಡಾ ಸಂಸ್ಥಾನದಲ್ಲಿ ಸೇವೆ ಮಾಡಿ, ಮೈಸೂರು ಸಂಸ್ಥಾನಕ್ಕೆ ಬಂದವರು. 1956ರಲ್ಲಿ ತೀರಿಕೊಂಡದ್ದೂ ಬೆಂಗಳೂರಿನಲ್ಲೇ. ಒಂದು ಮರದ ಹೂವು ಮುಗಿಯುವಾಗ ಇನ್ನೊಂದರದು ಶುರುವಾಗುವಂತೆ ಬೀದಿಗಳಿಗೆ ಮರ ಹೊಂದಿಸಿದ ಹೆಸರು ಅವರದು. ಟಬೂಬಿಯಾ, ಜಕರಾಂಡ, ಆಮೇಲೆ ಗುಲ್‌ಮೊಹರ್ ಎಂದು ಜನವರಿಯಿಂದ ಮೇ ವರೆಗೆ ನಗರದ ಬಣ್ಣ ಬದಲಾಗುವುದನ್ನು ನೋಡಿದಾಗೆಲ್ಲ ಅನ್ನಿಸುತ್ತದೆ: ಅದೂ ನಾವು ಮಾಡುತ್ತಿದ್ದ ಲೆಕ್ಕವೇ, ಡಿಸೆಂಬರಿನಲ್ಲಿ ಕತ್ತರಿಸಿದರೆ ಫೆಬ್ರವರಿಗೆ ಹೂವು ಎಂಬಂಥದ್ದೇ. ಅವರ ಪಂಚಾಂಗ ಮಾತ್ರ ನಮ್ಮದಕ್ಕಿಂತ ಉದ್ದವಾಗಿತ್ತು. ಆ ಮರಗಳಲ್ಲಿ ಅನೇಕವು ಹೊರಗಿನಿಂದ ಬಂದವು ಎಂಬ ಆಕ್ಷೇಪ ಈಗ ಕೇಳಿಬರುತ್ತದೆ, ಅದರಲ್ಲಿ ಹುರುಳೂ ಇದೆ. ಆದರೆ ನಾವು ಕಡಿಯಂನಿಂದ ತರಿಸಿದ ಪಾಮ್‌ಗಳನ್ನು ಮುಂದಿಟ್ಟುಕೊಂಡು ಆ ಆಕ್ಷೇಪ ಎತ್ತುವ ಮುಖ ನಮಗಿಲ್ಲ.

ಗಿಡ ಬೆಳೆದು ಮಾರುವುದು, ತೋಟ ರೂಪಿಸುವುದು, ಎರಡನ್ನೂ ಒಂದೇ ಮನೆಯಿಂದ ನಡೆಸಿ ಹೆಸರು ಮಾಡಿದವರು ಇಲ್ಲವೆಂದಲ್ಲ. ಇಂಗ್ಲೆಂಡಿನ ಗರ್ಟ್ರೂಡ್ ಜೀಕಲ್ ಸುಮಾರು ನಾನೂರು ತೋಟಗಳಿಗೆ ನಕ್ಷೆ ಬರೆದವರು. ಸರ್ರೆಯ ಮನ್‌ಸ್ಟೆಡ್ ವುಡ್‌ನ ತಮ್ಮ ಮನೆಯಂಗಳದ ನರ್ಸರಿಯಿಂದಲೇ ಗಿರಾಕಿಗಳಿಗೆ ಗಿಡ ಕಳಿಸುತ್ತಿದ್ದರು. ತಾನು ಬೆಳೆದು, ಸಾಯಿಸಿ, ಮತ್ತೆ ಬೆಳೆದು ನೋಡಿದ ಗಿಡವನ್ನು ಮತ್ತೊಬ್ಬರ ತೋಟಕ್ಕೆ ಹೇಳುವುದು ಎಂದರೆ ಅದು. ನಮ್ಮ ಹೊಲದಲ್ಲಿ ನಾವು ಬೆಳೆದ ಒಂದೇ ಒಂದು ಗಿಡ ನಮ್ಮ ಗಾರ್ಡನ್‌ಗಳಲ್ಲಿ ಇರಲಿಲ್ಲ.

ಇತ್ತು, ಒಂದು ಕಡೆ. ಚಿಕ್ಕಬಳ್ಳಾಪುರದಲ್ಲಿ ನಿವೃತ್ತ ಮೇಷ್ಟ್ರೊಬ್ಬರ ಮೂವತ್ತು ನಲವತ್ತರ ಸೈಟು. ಮನೆಯ ಮುಂದೆ ನಾಲ್ಕಡಿ, ಪಕ್ಕದಲ್ಲಿ ಮೂರಡಿ ಮಣ್ಣು. “ನೋಡಪ್ಪ, ನನ್ನ ಹತ್ರ ದುಡ್ಡಿಲ್ಲ, ನಮ್ಮ ಮನೆಯವಳಿಗೆ ದಿನಾ ಪೂಜೆಗೆ ಹೂ ಬೇಕು, ಅಷ್ಟು ಮಾಡಿಕೊಡು” ಎಂದರು. ಚಿತ್ರ ಬರೆಯಲಿಲ್ಲ. ಬಯಲಿನಲ್ಲಿ ಬೆಳೆಯುತ್ತಿದ್ದ ಸುಗಂಧರಾಜದ ಗೆಡ್ಡೆ ಒಂದು ಚೀಲ ಒಯ್ದೆವು. ಪ್ರಜ್ವಲ್ ತಳಿ, ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಶೃಂಗಾರ್ ಮತ್ತು ಮೆಕ್ಸಿಕನ್ ಸಿಂಗಲ್ ಕೂಡಿಸಿ ಹುಟ್ಟಿಸಿದ್ದು. ಮೊಗ್ಗಿಗೆ ತುಸು ಗುಲಾಬಿ ಛಾಯೆ, ಅರಳಿದರೆ ಬಿಳಿ. ಅದೇ ಸಂಸ್ಥೆಯ ಕಾಮಿನಿ ಆಸ್ಟರ್ ಒಂದು ಸಾಲು, ಅಂಚಿಗೆ ದವನ, ಗೇಟಿನ ಬಳಿ ಪಾರಿಜಾತ. ತಾರಸಿಯ ಪೈಪನ್ನು ತಿರುಗಿಸಿ ಪಾತಿಗೆ ಬಿಟ್ಟೆವು.

ಅದೊಂದು ಮೇರುಕೃತಿ ಎಂದು ನಾನು ಹೇಳುವುದಿಲ್ಲ. ಹಸ್ತಾಂತರದ ದಿನ ನೋಡಲು ಆಗಷ್ಟೇ ಉತ್ತಿ ಬಿಟ್ಟ ಪಾತಿ. ಪಕ್ಕದ ಮನೆಯವರು ಬಂದು, “ಇದಕ್ಕೆ ಡಿಸೈನರ್ ಬೇಕಿತ್ತಾ?” ಎಂದು ಮೇಷ್ಟ್ರನ್ನು ಕೇಳಿದರಂತೆ. ಆಸ್ಟರ್ ಒಮ್ಮೆ ಹೂ ಬಿಟ್ಟು ಮುಗಿದ ಮೇಲೆ ಆ ಸಾಲು ಖಾಲಿ ಬೀಳುತ್ತದೆ, ಅದರ ಬೆನ್ನಿಗೆ ಏನು ನೆಡಬೇಕೆಂದು ನಾವು ಯೋಚಿಸಿರಲಿಲ್ಲ. ಪಾರಿಜಾತವನ್ನು ಗೋಡೆಗೆ ಅಂಟಿಸಿದಂತೆ ನೆಟ್ಟದ್ದು ತಪ್ಪು, ಈಗ ಅದು ಪಕ್ಕದ ಮನೆಯತ್ತ ವಾಲಿದೆ; ಹೂವೆಲ್ಲ ಆ ಪಕ್ಕದವರ ಕಾರಿನ ಮೇಲೆ. ನಮಗೆ ಸಿಕ್ಕಿದ್ದು ಟೆಂಪೋ ಬಾಡಿಗೆ ಕಳೆದು ಒಂದು ದಿನದ ಕೂಲಿ. ಇಂಥ ಹತ್ತು ಕೆಲಸ ಹಿಡಿದರೂ ಪಾಲಿಹೌಸಿಗೆ ಹಾಳೆ ಬರುವುದಿಲ್ಲ. ಆ ಏಪ್ರಿಲ್ ಭಾನುವಾರದ ಸುತ್ತಾಟದಲ್ಲಿ ಏಳನೆಯ ಮನೆ ಇದೇ. ಸುಗಂಧರಾಜ ಗುಂಪು ಕಟ್ಟಿಕೊಂಡು ನಿಂತಿತ್ತು. ಮೇಷ್ಟ್ರ ಹೆಂಡತಿ ಗೆಡ್ಡೆ ಬಿಡಿಸಿ ಬೀದಿಯ ನಾಲ್ಕು ಮನೆಗೆ ಕೊಟ್ಟಿದ್ದರು, ಆ ಮನೆಗಳ ಮುಂದೆಯೂ ಕಡ್ಡಿ ಎದ್ದಿತ್ತು.

ಅಲ್ಲಿಂದ ಹೊರಟು ಕೊನೆಗೆ ಯಲಹಂಕದ ಕಡೆ, ನಾವು ಮಾಡಿದ್ದರಲ್ಲೇ ದೊಡ್ಡದಾದ ವಿಲ್ಲಾ ಲೇಔಟಿಗೆ ಬಂದಾಗ ಸಂಜೆಯಾಗಿತ್ತು. ಸೆಕ್ಯುರಿಟಿಯವನು ಒಳಗೆ ಬಿಡಲಿಲ್ಲ, ಗೇಟಿನ ಹೊರಗಿನಿಂದಲೇ ಪಾಮ್ ಸಾಲು ನೋಡುತ್ತ ನಿಂತೆ. ಒಬ್ಬ ಅಜ್ಜಿ ತಳ್ಳುಗಾಡಿ ನಿಲ್ಲಿಸಿ ಒದ್ದೆ ಗೋಣಿಯ ಕೆಳಗಿನಿಂದ ಮಲ್ಲಿಗೆ, ಕನಕಾಂಬರ ತೆಗೆದರು. ಒಳಗಿನಿಂದ ಒಬ್ಬೊಬ್ಬರೇ ಹೆಂಗಸರು ನಮ್ಮ ಹುಲ್ಲುಹಾಸು ದಾಟಿ, ನಮ್ಮ ಕಲ್ಲುಬೆಂಚು ದಾಟಿ, ಗೇಟಿಗೆ ಬಂದರು. ಅಜ್ಜಿ ಮೊಳಕೈ ಚಾಚಿ ಅಳೆದು, ಗಿರಾಕಿ ಮುಖ ನೋಡಿ ಇನ್ನೊಂದು ಬೆರಳು ಜಾಸ್ತಿ ಬಿಟ್ಟು, ಹಲ್ಲಿನಿಂದ ದಾರ ಕಚ್ಚಿ ಕತ್ತರಿಸುತ್ತಿದ್ದರು. ನಾನೂ ಎರಡು ಮೊಳ ಕೇಳಿದೆ.

“ಮನೆ ಹತ್ರ ಗಿಡ ಇಲ್ವೇನಪ್ಪಾ?” ಎಂದರು ಅಜ್ಜಿ, ಎಲೆಯಲ್ಲಿ ಸುತ್ತುತ್ತಾ.